ಸೋಡಲೈಟ್ ಖನಿಜದ ಶೋಧವೂ ನಾಮಕರಣವೂ

ಹೊಸದೊಂದು ಖನಿಜವನ್ನು ಕಂಡುಹಿಡಿದವನೆಂದು ಯಾರನ್ನು ಕರೆಯಬೇಕು? ಬಂಡೆಯಿಂದ ಅದನ್ನು ಒಡೆದು ತಂದವನನ್ನೋ, ಪ್ರಯೋಗಶಾಲೆಯಲ್ಲಿ ಅದರ ಘಟಕಗಳನ್ನು ತೂಗಿ ಹೆಸರಿಟ್ಟವನನ್ನೋ? ಓಲೆಯ ಪ್ರತಿಯನ್ನು ದೊರಕಿಸಿದವನಿಗೂ ಅದನ್ನು ಪರಿಷ್ಕರಿಸಿ ಪ್ರಕಟಿಸಿದವನಿಗೂ ಸಲ್ಲತಕ್ಕ ಗೌರವದ ಪ್ರಶ್ನೆಯನ್ನು ಬಲ್ಲ ನಮ್ಮ ವಿದ್ವಾಂಸರಿಗೆ ಈ ವಿಚಾರವು ಅಪರಿಚಿತವಾಗಿ ತೋರಲಾರದು. ಗ್ರೀನ್‌ಲೆಂಡಿನ ಕ್ಷಾರಮಯವಾದ ಅಗ್ನಿಶಿಲೆಗಳಲ್ಲಿ ದೊರೆತ ಸೋಡಲೈಟಿನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಆ ಕಲ್ಲುಗಳನ್ನು ಸಂಗ್ರಹಿಸಿದವನು ಕಾರ್ಲ್ ಲುಡ್ವಿಗ್ ಗೀಸೆಕೆ. ಇವನು 1761ರಲ್ಲಿ ಔಗ್ಸ್‌ಬರ್ಗಿನಲ್ಲಿ ಹುಟ್ಟಿ, ವಿಯೆನ್ನದಲ್ಲಿ ನಟನಾಗಿಯೂ ನಾಟಕಕಾರನಾಗಿಯೂ ಇದ್ದವನು. ಅನಂತರ ರಂಗಭೂಮಿಯನ್ನು ತೊರೆದು ಖನಿಜಶಾಸ್ತ್ರದಲ್ಲಿ ನಿರತನಾದನು. 1806ರಲ್ಲಿ ಅವನು ಗ್ರೀನ್‌ಲೆಂಡಿಗೆ ಹೋದನು. ಯುರೋಪಿನ ಯುದ್ಧಗಳ ದೆಸೆಯಿಂದ 1813ರ ವರೆಗೆ ಅಲ್ಲಿಯೇ ಉಳಿಯಬೇಕಾಯಿತು. ಈ ನಡುವೆ ಅವನು ಕಳುಹಿಸಿದ್ದ ಖನಿಜಗಳ ಹಡಗು ಶತ್ರುವಶವಾಗಿ, ಸರಕು ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಮಾರಾಟವಾಯಿತು. ಎಡಿನ್‌ಬರೋ ನಗರದ ಥಾಮಸ್ ಆಲನ್ ಎಂಬ ಸಂಗ್ರಾಹಕನು 1808ರಲ್ಲಿ ಅದನ್ನು ಕೊಂಡು, ಅದರಲ್ಲಿ ಆ ಕಾಲಕ್ಕೆ ಅತಿ ವಿರಳವಾಗಿದ್ದ ಕ್ರಯೊಲೈಟ್ ಇರುವುದನ್ನು ಗುರುತಿಸಿದನು. ದೂರದ ಹಿಮದೇಶದಲ್ಲಿ ದುಡಿಯುತ್ತಿದ್ದವನ ಶ್ರಮಫಲವು ಹೀಗೆ ಪರರ ಕೈ ಸೇರಿತು.

ಆಲನ್ನನ ಸಂಗ್ರಹದ ಮಾದರಿಗಳನ್ನು ಪೃಥಕ್ಕರಿಸಿದವನು ರಸಾಯನಜ್ಞ ಥಾಮಸ್ ಥಾಮ್ಸನ್. 1810-11ರಲ್ಲಿ ಅವನು ಎರಡು ಹೊಸ ಖನಿಜಗಳನ್ನು ವರ್ಣಿಸಿದನು. ಸೀರಿಯಂ ಧಾತುವುಳ್ಳ ಒಂದಕ್ಕೆ ಕೊಂಡವನ ಹೆಸರಿನಿಂದ ಆಲನೈಟ್ ಎಂದೂ, ಸೋಡಾಕ್ಷಾರವು ಹೇರಳವಾಗಿದ್ದ ಇನ್ನೊಂದಕ್ಕೆ ಅದರ ಘಟಕದಿಂದಲೇ ಸೋಡಲೈಟ್ ಎಂದೂ ಹೆಸರಿಟ್ಟನು. ಕಲ್ಲಿನ ತೂಕದಲ್ಲಿ ಸುಮಾರು ಕಾಲುಭಾಗ ಸೋಡವೇ ಎಂಬುದು ಆಗ ಸಾಮಾನ್ಯ ಸಂಗತಿಯಾಗಿರಲಿಲ್ಲ. ಸಸ್ಯಗಳ ಬೂದಿಯಿಂದ ಪಡೆಯುತ್ತಿದ್ದ ಪೊಟ್ಯಾಷ್ ಕ್ಷಾರವು ಶಿಲೆಯಲ್ಲಿಯೂ ಇರುವುದೆಂದು ಕ್ಲಾಪ್ರೋಥನು ಲ್ಯೂಸೈಟಿನಲ್ಲಿ ತೋರಿಸಿದುದು 1797ರಲ್ಲಿ. ಡೇವಿಯು ಸೋಡಿಯಂ ಲೋಹವನ್ನು ಬೇರ್ಪಡಿಸಿದುದು 1807ರಲ್ಲಿ. ಥಾಮ್ಸನ್ ಕಂಡ ‘ಮ್ಯೂರಿಯಾಟಿಕ್ ಆಮ್ಲ’ವು ವಸ್ತುತಃ ಈ ಖನಿಜದಲ್ಲಿರುವ ಕ್ಲೋರಿನ್ ಧಾತು. ಹೆಸರಿಗೆ ಆಧಾರವಾದ ಪರಿಮಾಣವು ಸರಿಯಾಗಿದ್ದಿತು. ಅದರ ಅರ್ಥವು ಮಾತ್ರ ಮುಂದೆ ತಿಳಿಯಬೇಕಾಗಿದ್ದಿತು.

ವರ್ಗೀಕರಣವು ಪೂರ್ಣವಾಗಲು ಒಂದು ಶತಮಾನವೇ ಹಿಡಿಯಿತು. ಸಿಲಿಕದ ಕೊರತೆಯುಳ್ಳ ಶಿಲಾದ್ರವದಲ್ಲಿ ಫೆಲ್ಸ್‌ಪಾರಿಗೆ ಬದಲಾಗಿ ನೆಫೆಲಿನ್, ಸೋಡಲೈಟ್ ಮೊದಲಾದವು ಮೂಡುವುದರಿಂದ ಇವುಗಳನ್ನು ಫೆಲ್ಸ್‌ಪಥಾಯ್ಡುಗಳೆಂಬ ಗುಂಪಿಗೆ ಸೇರಿಸಿದರು. 1912ರಲ್ಲಿ ಡೆನ್ಮಾರ್ಕಿನ ಉಸಿಂಗ್ ಎಂಬ ವಿದ್ವಾಂಸನು ದಕ್ಷಿಣ ಗ್ರೀನ್‌ಲೆಂಡಿನ ಇಲಿಮೌಸಾಕ್ ಶಿಲೆಗಳನ್ನು ವಿವರಿಸಿ, ಸೋಡಲೈಟ್ ತುಂಬಿದ ಶಿಲೆಗೆ ನೌಯೈಟ್ ಎಂದು ಹೆಸರಿಟ್ಟನು. 1930ರಲ್ಲಿ ಲೈನಸ್ ಪಾಲಿಂಗನು ಇದರ ಒಳರಚನೆಯನ್ನು ನಿರ್ಧರಿಸಿದನು: ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳು ಹೆಣೆದ ಪಂಜರಗಳ ನಡುವೆ ಕ್ಲೋರಿನ್ ಪರಮಾಣುಗಳು ನೆಲೆಸಿರುವುವು. ಥಾಮ್ಸನ್ ತೂಗಿದ್ದ ವಸ್ತುವಿಗೆ ಹೀಗೆ ಸ್ಥಾನವು ದೊರೆಯಿತು. ನಮ್ಮ ದೇಶದಲ್ಲಿಯೂ ರಾಜಸ್ಥಾನದ ಕಿಶನ್‌ಗಢದ ನೆಫೆಲಿನ್ ಸಯನೈಟಿನಲ್ಲಿ ಸೋಡಲೈಟ್ ಉಂಟು. ಅಲ್ಲಿಯ ಹ್ಯಾಕ್ಮನೈಟ್ ಎಂಬ ಪ್ರಭೇದವು ಹೊಸದಾಗಿ ಒಡೆದಾಗ ಕೆಂಪಾಗಿದ್ದು, ಬೆಳಕಿನಲ್ಲಿ ಬಣ್ಣಗೆಡುವುದು.

ಗೀಸೆಕೆಯ ಗತಿಯೇನಾಯಿತು? 1813ರಲ್ಲಿ ಅವನು ಬ್ರಿಟನ್ನಿಗೆ ಬಂದಾಗ ಆಲನ್ನನೇ ಅವನಿಗೆ ಮಿತ್ರನೂ ಸಹಾಯಕನೂ ಆದನು. ಡಬ್ಲಿನ್ ಸೊಸೈಟಿಯ ಖನಿಜಶಾಸ್ತ್ರದ ಅಧ್ಯಾಪಕಪದವಿಯು ದೊರೆಯಿತು. 1833ರಲ್ಲಿ ಅವನು ತೀರಿಕೊಂಡನು. ಅವನ ಗೌರವಾರ್ಥವಾಗಿ ಗ್ರೀನ್‌ಲೆಂಡಿನ ಒಂದು ಖನಿಜಕ್ಕೆ ಗೀಸೆಕೈಟ್ ಎಂಬ ಹೆಸರನ್ನೂ ಇಟ್ಟರು. ಆದರೆ ಅದು ಸ್ವತಂತ್ರ ಜಾತಿಯಲ್ಲವೆಂದೂ, ನೆಫೆಲಿನ್ ವಿಕಾರಗೊಂಡು ಅಭ್ರಕಮಯವಾಗಿ ಹಳೆಯ ಆಕಾರವನ್ನಷ್ಟೇ ಉಳಿಸಿಕೊಂಡುದೆಂದೂ ಅನಂತರ ತಿಳಿಯಿತು. ಕೊಂಡವನ ಹೆಸರು ಖನಿಜಗಳ ಪಟ್ಟಿಯಲ್ಲಿ ನಿಂತಿತು. ತಂದವನ ಹೆಸರು ಜಾರಿತು.

ಇದರಿಂದ ಥಾಮ್ಸನ್ನನ ಕೀರ್ತಿಗೆ ಕುಂದಿಲ್ಲ. ಪೃಥಕ್ಕರಣವಿಲ್ಲದೆ ಸೋಡಲೈಟ್ ಬರಿಯ ಹಸಿರು ಕಲ್ಲಾಗಿಯೇ ಉಳಿಯುತ್ತಿದ್ದಿತು. ಆದರೆ ನಾಮಕರಣವು ಶೋಧದ ಕೊನೆಯ ಮೆಟ್ಟಿಲೇ ಹೊರತು ಪೂರ್ಣಶೋಧವಲ್ಲ. ಹೆಸರುಗಳ ಪಟ್ಟಿಯನ್ನೇ ಚರಿತ್ರೆಯೆಂದು ಓದತಕ್ಕವರು ಗೀಸೆಕೆಯ ಏಳು ಚಳಿಗಾಲಗಳನ್ನು ಮರೆಯಬಾರದು.