ಅಪ್ರೆಂಟಿಸರ ಮೂಲ ತರಬೇತಿ

ಕಸುಬು ಕಲಿಯಲು ಅಪ್ರೆಂಟಿಸ್ ಆಗಿ ಸೇರುವ ಯುವಜನರಿಗೆ, ಉತ್ಪಾದನೆ ನಡೆಯುವ ಜಾಗಕ್ಕೆ ಕಳಿಸುವ ಮೊದಲು ಕೊಡುವ ಆರಂಭದ ಶಿಕ್ಷಣವೇ ಮೂಲ ತರಬೇತಿ. ಭಾರತದಲ್ಲಿ ಇದಕ್ಕೆ ಆಧಾರ 1961ರ ಅಪ್ರೆಂಟಿಸ್ ಕಾಯ್ದೆ. ಐಟಿಐ ಮುಗಿಸಿದವರಿಗೆ ಇದು ಬೇಕಿಲ್ಲ. ಅಂಥ ಕಲಿಕೆಯಿಲ್ಲದೆ ನೇರ ಬಂದವರಿಗೆ ಕಡ್ಡಾಯ. 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಇದಕ್ಕಾಗಿ ವರ್ಕ್‌ಶಾಪಿನ ಪ್ರತ್ಯೇಕ ಭಾಗವನ್ನೋ ಬೇರೆ ಕಟ್ಟಡವನ್ನೋ ಒದಗಿಸಬೇಕೆಂದು ಕಾಯ್ದೆ ಹೇಳಿತ್ತು. ಈ ಪ್ರತ್ಯೇಕ ಜಾಗ ಬರೀ ಕಟ್ಟಡದ ಮಾತಲ್ಲ, ಇಡೀ ವ್ಯವಸ್ಥೆಯ ಜೀವಾಳ. ಫಿಟ್ಟರ್ ಕಸುಬಿನ ಮೊದಲ ಪಾಠವನ್ನೇ ನೋಡಬಹುದು. ವೈಸಿನಲ್ಲಿ ಬಿಗಿದ ಕಬ್ಬಿಣದ ಪಟ್ಟಿಗೆ ಅರ ಹಾಕಿ ಮೈ ಸಮ ಮಾಡಬೇಕು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಸಡಿಲ ಬಿಡಬೇಕು. ಹೊಸಬರ ಕೈಯಲ್ಲಿ ಅರ ತೂಗಾಡುತ್ತದೆ. ಅಂಚುಗಳು ಸವೆದು ನಡು ಉಬ್ಬುತ್ತದೆ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ತಪ್ಪು ಕಾಣುತ್ತದೆ. ಆಮೇಲೆ ಮಿಲಿಮೀಟರಿನ 50ನೇ ಒಂದು ಭಾಗದವರೆಗೆ ತೋರಿಸುವ ವರ್ನಿಯರ್ ಕ್ಯಾಲಿಪರಿನಲ್ಲಿ ಅಳತೆ ನೋಡಬೇಕು. ಹೀಗೆ ಹತ್ತಾರು ತುಂಡು ಕೆಡದೆ ಕೈ ಪಳಗುವುದಿಲ್ಲ. ಉತ್ಪಾದನೆಯ ಸಾಲಿನಲ್ಲಿ ಕೆಟ್ಟ ತುಂಡೆಂದರೆ ನಷ್ಟ, ಆದ್ದರಿಂದ ಅಲ್ಲಿನ ಫೋರ್‌ಮನ್ ಹೊಸಬರ ಕೈಗೆ ಕೊಡುವುದು ಸಾಮಾನು ಹೊರುವ ಕೆಲಸವನ್ನೇ.

ಗ್ಯಾರೇಜಿನ ಹುಡುಗರು ಯಾವ ಮೂಲ ತರಬೇತಿಯೂ ಇಲ್ಲದೆ ಮೇಸ್ತ್ರಿಯ ಪಕ್ಕದಲ್ಲಿ ನಿಂತೇ ಕಲಿಯುತ್ತಾರಲ್ಲ ಎಂಬ ಆಕ್ಷೇಪ ಹಳೆಯದು, ತಳ್ಳಿಹಾಕುವಂಥದ್ದೂ ಅಲ್ಲ. ಆ ದಾರಿಯಲ್ಲಿ ನುರಿತ ಕೈಗಳು ಬಂದಿವೆ. ಆದರೆ ಅಲ್ಲಿ ಪಾಠವನ್ನು ಗೊತ್ತುಮಾಡುವುದು ಆ ದಿನ ರಿಪೇರಿಗೆ ಬಂದ ಗಾಡಿ. ನಕ್ಷೆ ಓದುವುದು, ಅಳತೆಗೆ ತಕ್ಕಂತೆ ಗುರುತು ಹಾಕುವುದು ಎಷ್ಟೋ ಸಲ ಪಾಠಕ್ಕೆ ಬರುವುದೇ ಇಲ್ಲ. ಸುರಕ್ಷತೆಯಂತೂ ಪೆಟ್ಟು ತಿಂದೇ ಕಲಿಯುವ ವಿಷಯವಲ್ಲ: ಲೇಥಿನ ಚಕ್ಕಿನಲ್ಲಿ ಕೀಲಿ ಬಿಟ್ಟು ಸ್ವಿಚ್ ಹಾಕಿದರೆ ಅದು ಎದುರಿಗಿದ್ದವರ ಮುಖಕ್ಕೆ ಹಾರಬಹುದು.

ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಕಲಿಸಿದ ಮೇಲೆ ಹುಡುಗ ಬೇರೆ ಕಡೆ ಹೋದರೆ ಮಾಲೀಕರಿಗೇನು ಲಾಭ? ತರಬೇತಿ ಮುಗಿದವರಿಗೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಒಪ್ಪಂದದಲ್ಲಿ ಷರತ್ತಿಲ್ಲದಿದ್ದರೆ ಕಲಿತವರೂ ಅಲ್ಲೇ ಉಳಿಯಬೇಕಿಲ್ಲ. ಹೀಗಿರುವಾಗ ಹೊರೆಯಲ್ಲಿ ಸರ್ಕಾರಕ್ಕೂ ಪಾಲು ಇರುವುದು ನ್ಯಾಯ. 2016ರ ಆಗಸ್ಟಿನಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ 500 ಗಂಟೆಗಳ ಮೂಲ ತರಬೇತಿಗೆ ತಲಾ 7,500 ರೂಪಾಯಿವರೆಗೆ ಕೊಡಲು ಮುಂದಾಯಿತು. ಗಂಟೆಗೆ 15 ರೂಪಾಯಿ ಎಂದಾಯಿತು. ಬೋಧಕರ ಸಂಬಳ, ಹ್ಯಾಕ್ಸಾ ಬ್ಲೇಡು, ಕೆಡಲೆಂದೇ ತರುವ ಕಬ್ಬಿಣ ಎಲ್ಲ ಸೇರಿದರೆ ಇದು ಧಾರಾಳದ ಮೊತ್ತವೇನಲ್ಲ.

ಪೂರ್ವಸಿದ್ಧತೆಯ ಕೋರ್ಸುಗಳು ಕೆಲಸ ಸಿಗದವರನ್ನು ಕೂರಿಸಿಡುವ ಕೊಠಡಿಗಳಾಗುತ್ತವೆ ಎಂಬ ದೂರೂ ಉಂಟು. ಜರ್ಮನಿಯಲ್ಲಿ ಅಪ್ರೆಂಟಿಸ್ ಜಾಗ ಸಿಗದವರಿಗೆ ನಡೆಸುವ ವೃತ್ತಿಸಿದ್ಧತಾ ವರ್ಷದ ಮೇಲೆ ಈ ಟೀಕೆ ಬಲವಾಗಿಯೇ ಇದೆ, ಏಕೆಂದರೆ ವರ್ಷ ಮುಗಿದರೂ ಜಾಗ ಖಾತ್ರಿಯಿಲ್ಲ. ಭಾರತದ ಕಾಯ್ದೆಯಲ್ಲಿ ಮೂಲ ತರಬೇತಿ ಅಪ್ರೆಂಟಿಸ್‌ಗಿರಿಯದೇ ಮೊದಲ ಹಂತ. ಮುಂದೆ ಹೋಗಬೇಕಾದ ಕಾರ್ಖಾನೆ ಎದುರಿಗೇ ಇರುತ್ತದೆ. ಈ ಕೊಂಡಿ ಕಳಚಿದರೆ ಇಲ್ಲಿಗೂ ಅದೇ ದೂರು ಸಲ್ಲುತ್ತದೆ.

ಕರ್ನಾಟಕದಲ್ಲಿ ದೊಡ್ಡ ಕಂಪನಿಗಳು ಸ್ವಂತ ತರಬೇತಿ ಶಾಲೆ ಕಟ್ಟಿಕೊಂಡಿವೆ: ಬೆಂಗಳೂರಿನಲ್ಲಿ ಹಿಂದೆ ಮೈಕೋ ಎನಿಸಿದ್ದ ಬಾಷ್, 2007ರಿಂದ ಬಿಡದಿಯಲ್ಲಿ ಟೊಯೋಟಾ. ಪೀಣ್ಯದ ಬೀದಿಯೊಂದರಲ್ಲಿ ಎಂಟು ಹತ್ತು ಜನರನ್ನಿಟ್ಟುಕೊಂಡು ಲೇಥ್ ನಡೆಸುವವರಿಂದ ಅದು ಆಗದು. ತಕ್ಕ ಸೌಕರ್ಯವಿರುವ ಯಾವುದೇ ಸಂಸ್ಥೆಯಲ್ಲಿ ಮೂಲ ತರಬೇತಿ ಕೊಡಿಸಬಹುದೆಂದು 2014ರ ತಿದ್ದುಪಡಿ ಅವಕಾಶ ಮಾಡಿದೆ. ಅದನ್ನು ನಿಯಮದ ಸಡಿಲಿಕೆ ಎಂದು ಜರೆಯುವ ಬದಲು, ಹಲವು ಸಣ್ಣ ಘಟಕಗಳು ಸೇರಿ ಒಂದೇ ವರ್ಕ್‌ಶಾಪಿನಲ್ಲಿ ತಮ್ಮ ಹುಡುಗರಿಗೆ ಅರ ಹಿಡಿಯಲು ಕಲಿಸುವ ದಾರಿಯಾಗಿ ಬಳಸಿಕೊಳ್ಳಬಹುದು.