‘ಸ್ನಫ್’ ಎಂಬ ಪದ ಮತ್ತು ಬತ್ತಿಯ ಕತ್ತರಿ

ಜೇನ್ ಆಸ್ಟಿನ್ ಅವರ ‘ನಾರ್ಥ್ಯಾಂಗರ್ ಅಬೆ’ ಕಾದಂಬರಿಯಲ್ಲಿ ಒಂದು ಇರುಳಿನ ಪ್ರಸಂಗವಿದೆ. ಹಳೆಯ ಕಪಾಟಿನಲ್ಲಿ ದೊರೆತ ಕಾಗದದ ಸುರುಳಿಯನ್ನು ಓದುವ ಆತುರದಲ್ಲಿ ನಾಯಕಿ ಕ್ಯಾಥರೀನ್ ಮಂಕಾದ ಮೇಣದ ಬತ್ತಿಯನ್ನು ‘ಸ್ನಫ್’ ಮಾಡುತ್ತಾಳೆ, ದೀಪ ಆರಿಹೋಗುತ್ತದೆ. ಆ ಕ್ರಿಯಾಪದಕ್ಕೆ ‘ಆರಿಸು’ ಎಂಬ ಇಂದಿನ ಅರ್ಥವನ್ನೇ ಹಚ್ಚಿದರೆ, ಓದಲು ಹೊರಟವಳು ದೀಪವನ್ನೇಕೆ ಆರಿಸಿದಳು ಎಂಬುದಕ್ಕೆ ಉತ್ತರವಿಲ್ಲ. ಪ್ರಸಂಗದ ಹಾಸ್ಯವೂ ಉಳಿಯುವುದಿಲ್ಲ. ಅವಳು ಹೊರಟದ್ದು ಬೆಳಕನ್ನು ಹೆಚ್ಚಿಸಲು.

‘ಸ್ನಫ್’ ಎಂದರೆ ಬತ್ತಿಯ ಸುಟ್ಟು ಕರಿಗಟ್ಟಿದ ತುದಿ. ಅದನ್ನು ಕತ್ತರಿಸುವ ಸಾಧನವೇ ‘ಸ್ನಫರ್ಸ್’: ಕತ್ತರಿಯಂತಹ ಎರಡು ಅಲಗುಗಳು, ಕತ್ತರಿಸಿದ ಕೆಂಡದ ತುಣುಕು ಮೇಜಿನ ಮೇಲೆ ಬೀಳದಂತೆ ಹಿಡಿದಿಡುವ ಪುಟ್ಟ ಪೆಟ್ಟಿಗೆ. ಆರಿಸುವುದಕ್ಕೆ ಬೇರೆ ಸಾಧನಗಳಿದ್ದವು; ಜ್ವಾಲೆಯ ಮೇಲೆ ಕವುಚುವ ಶಂಕುವಿನಾಕಾರದ ಟೊಪ್ಪಿಗೆ ಅವುಗಳಲ್ಲೊಂದು.

‘ಮೇಣದ ಬತ್ತಿ’ ಎಂಬ ಕನ್ನಡ ಪದ ಇಲ್ಲಿ ಕೊಂಚ ದಾರಿ ತಪ್ಪಿಸುತ್ತದೆ. ಇಂಗ್ಲೆಂಡಿನ ಸಾಮಾನ್ಯರ ಮನೆಗಳಲ್ಲಿ ಉರಿಯುತ್ತಿದ್ದುದು ಜೇನುಮೇಣವಲ್ಲ, ದನ ಕುರಿಗಳ ಕೊಬ್ಬು. ಅದರೊಳಗಿನ ಹೊಸೆದ ಹತ್ತಿಯ ಬತ್ತಿ ಜ್ವಾಲೆಯ ನಡುವೆ ನೆಟ್ಟಗೆ ನಿಲ್ಲುತ್ತಿತ್ತು. ಅಲ್ಲಿಗೆ ಗಾಳಿ ತಲುಪದ ಕಾರಣ ಅದು ಬೂದಿಯಾಗದೆ ಕರಿಯಾಗಿ ಬೆಳೆಯುತ್ತಿತ್ತು, ಹೊಗೆಯುಗುಳುತ್ತಿತ್ತು, ಬಾಗಿದರೆ ಅಂಚು ಕರಗಿ ಕೊಬ್ಬು ಸೋರುತ್ತಿತ್ತು. ಬೆಳಕಿನ ನಷ್ಟವನ್ನು ವಿಜ್ಞಾನಿ ಕೌಂಟ್ ರಮ್‌ಫರ್ಡ್ ಅಳೆದಿದ್ದಾನೆ. ಆಗತಾನೆ ಕತ್ತರಿಸಿದ ಬತ್ತಿಯ ಬೆಳಕು 100 ಎಂದಾದರೆ, 11 ನಿಮಿಷಗಳಲ್ಲಿ ಅದು 39ಕ್ಕೆ, ಮತ್ತೆ 8 ನಿಮಿಷಗಳಲ್ಲಿ 23ಕ್ಕೆ, ಮುಂದಿನ 10 ನಿಮಿಷಗಳಲ್ಲಿ 16ಕ್ಕೆ ಇಳಿದಿತ್ತು. ಕತ್ತರಿಸಿದೊಡನೆ ಮತ್ತೆ 100! ಆ ಕಾಲದ ಇರುಳಿನ ಓದು ಬರಹಗಳೆಲ್ಲ ಹೀಗೆ ಗಳಿಗೆಗೊಮ್ಮೆ ಕತ್ತರಿಗೆ ಕೈಚಾಚುತ್ತಲೇ ನಡೆದವು. ಸಿರಿವಂತರ ಮನೆಗಳಲ್ಲಿ ಆ ಕೈ ಸೇವಕರದು. ರಂಗಮಂದಿರಗಳಲ್ಲಿ ಅದಕ್ಕೆಂದೇ ನೇಮಕಗೊಂಡ ಆಳು ಪ್ರೇಕ್ಷಕರ ಕಣ್ಣೆದುರೇ ಬಂದು ಬತ್ತಿಗಳನ್ನು ಕತ್ತರಿಸಿ ಹೋಗುತ್ತಿದ್ದ. ಎಣ್ಣೆಯ ದೀಪದ ಕರಿಯನ್ನು ಕಡ್ಡಿಯಿಂದ ತೆಗೆದು ಬತ್ತಿಯನ್ನು ಮುಂದಕ್ಕೆ ಸರಿಸುವ ನಮ್ಮ ಮನೆಗಳ ರೂಢಿಯೂ ಇದೇ ಬಗೆಯದು.

1820ರ ದಶಕದಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಜಡೆಯಂತೆ ಹೆಣೆದ ಬತ್ತಿಯನ್ನು ರೂಪಿಸಿದ. ಅದು ಉರಿಯುತ್ತ ಹೊರಕ್ಕೆ ಬಾಗಿ, ಗಾಳಿ ಸೋಕುವ ಜ್ವಾಲೆಯ ಅಂಚಿನಲ್ಲಿ ತಾನಾಗಿಯೇ ಬೂದಿಯಾಗುತ್ತಿತ್ತು. ಕತ್ತರಿ ಕ್ರಮೇಣ ಮೂಲೆಗೆ ಸೇರಿತು. ಅದರ ಹೆಸರು ಮಾತ್ರ ಆರಿಸುವ ಟೊಪ್ಪಿಗೆಗೆ ಅಂಟಿಕೊಂಡಿತು. ಅದಕ್ಕೂ ಹಿಂದಿನ ಇಂಗ್ಲಿಷ್ ಕೃತಿಗಳನ್ನು ಕನ್ನಡಿಸುವವರು ಈ ಪದ ಎದುರಾದಾಗ ‘ಆರಿಸು’ ಎಂದು ಬರೆಯುವ ಮುನ್ನ, ಮುಂದಿನ ವಾಕ್ಯದಲ್ಲಿ ಕೋಣೆ ಬೆಳಗಿದೆಯೋ ಕತ್ತಲಾಗಿದೆಯೋ ನೋಡಿಕೊಳ್ಳುವುದು ಒಳಿತು.