ಧಾರವಾಡದಲ್ಲಿ ಪ್ರಶ್ನೆ ಕೇಳಿದವರು

ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಸಾಲಿಮಠ ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಇವೆ. ಸಾಲಿ ಅಂದರೆ ಶಾಲೆ. ಸರಕಾರಿ ಕನ್ನಡ ಸಾಲಿಗಳು ಬರುವ ಮುನ್ನ ಎಷ್ಟೋ ಊರುಗಳಲ್ಲಿ ಮಠದ ಕಟ್ಟೆಯೇ ಸಾಲಿ, ಅಯ್ಯನವರೇ ಮಾಸ್ತರರು. ಕಲಿಸುವ ಕೆಲಸ ನಿಂತು ತಲೆಮಾರುಗಳು ಕಳೆದರೂ ಹೆಸರು ಮಾತ್ರ ಬಿಟ್ಟುಹೋಗಿಲ್ಲ.

ಅಂಥ ಸಾಲಿಯೊಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ನೆರೆಯ ಬಳ್ಳಾರಿಯದು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕ ಕೊಟ್ಟ. ಅವುಗಳಲ್ಲಿ 235 ಕನ್ನಡದವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಹೆಚ್ಚು. ಎಳೆಯರು ಬೆರಳಿನಿಂದ ಮರಳಲ್ಲಿ ಅಕ್ಷರ ತಿದ್ದುತ್ತಿದ್ದರು, ಮುಂದಿನ ತರಗತಿಯವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಈ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿಕೊಂಡ. ಆದರೆ ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಗಳಂತೆ ಹೇಳುತ್ತಾರೆ ಎಂಬುದು ಅವನ ದೂರು.

ದೂರು ನ್ಯಾಯವಾದದ್ದೇ. ಆದರೂ ಆ ಕಟ್ಟೆಯ ಮೇಲೆ ನಿತ್ಯ ನಡೆಯುತ್ತಿದ್ದ ಒಂದು ಕೆಲಸವನ್ನು ಗಮನಿಸಬೇಕು. ಅದು ಒಪ್ಪಿಸುವುದು. ಕನ್ನಡದಲ್ಲಿ ಮಗ್ಗಿಯನ್ನು ಓದುವುದಿಲ್ಲ, ಒಪ್ಪಿಸುತ್ತಾರೆ. ಸಾಲವನ್ನೋ ಲೆಕ್ಕವನ್ನೋ ಒಪ್ಪಿಸಿದ ಹಾಗೆ. ಪಾಟಿ ಮುಚ್ಚಿಟ್ಟು, ಕೇಳುವವನ ಎದುರು ನಿಂತು, ನೆನಪಿನಿಂದ ಹೊರತೆಗೆಯಬೇಕು. ತಪ್ಪಿದರೆ ಏಟು ಬೀಳಬಹುದು, ಆದರೆ ವರ್ಷ ಹಾಳಾಗುವುದಿಲ್ಲ. ನಾಳೆ ಮತ್ತೆ ಒಪ್ಪಿಸಬಹುದು.

ಮುಂಬಯಿ ಇಲಾಖೆಯ ಆಡಳಿತ ನೆಲೆಗೊಂಡ ಮೇಲೆ ಕೇಳುವವನು ಬದಲಾದ. ಈಗ ಬಂದವನು ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರ್. ಆ ಹುದ್ದೆ ಎಷ್ಟು ದೊಡ್ಡದೆಂದರೆ, ಮರಾಠಿಯ ನೆರಳಲ್ಲಿದ್ದ ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಚನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ ಎಂಬುದು ಶಾಶ್ವತವಾಗಿ ಸೇರಿಕೊಂಡಿತು. ಖಾಸಗಿ ಶಾಲೆಗಳಿಗೆ ಸಿಗುವ ಅನುದಾನವೂ ಪರೀಕ್ಷೆಯ ಫಲಿತಾಂಶಕ್ಕೆ ತಳುಕು ಹಾಕಿಕೊಂಡಿತ್ತು. ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ, ಮ್ಯಾಟ್ರಿಕ್ ಆದರೆ ಕಚೇರಿಯ ಕುರ್ಚಿ. ಪ್ರಶ್ನೆ ಕಟ್ಟೆ ಬಿಟ್ಟು ಬಾಗಿಲಲ್ಲಿ ಬಂದು ನಿಂತಿತು. ಉತ್ತರ ಬಂದರೆ ಒಳಗೆ, ಇಲ್ಲವಾದರೆ ಹೊರಗೆ.

ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಪ್ರಯತ್ನದಿಂದ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಕಾಕತಾಳೀಯವೆಂದರೆ, ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಆರ್ಥರ್ ಗೇಟ್ಸ್, ಒಪ್ಪಿಸುವ ಕ್ರಿಯೆಯನ್ನೇ ಪ್ರಯೋಗಕ್ಕೆ ಒಡ್ಡಿ ಪ್ರಬಂಧ ಪ್ರಕಟಿಸಿದ. ಶಾಲಾ ಮಕ್ಕಳು ಸಿಕ್ಕ ಸಮಯವನ್ನೆಲ್ಲ ಓದಿಗೇ ಕೊಡುವುದಕ್ಕಿಂತ, ಹೆಚ್ಚು ಪಾಲನ್ನು ಪುಸ್ತಕ ನೋಡದೆ ನೆನಪಿಸಿಕೊಳ್ಳಲು ಕೊಟ್ಟರೆ ಪಾಠ ಚೆನ್ನಾಗಿ ಉಳಿಯುತ್ತದೆ ಎಂದು ಅವನು ಕಂಡುಕೊಂಡ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಇದನ್ನು ಇನ್ನಷ್ಟು ಬಿಗಿಯಾಗಿ ತೋರಿಸಿದರು. ನಾಲ್ಕು ಸಲ ಬರೀ ಓದಿದವರು ಐದು ನಿಮಿಷದ ನಂತರ 83 ಪ್ರತಿಶತ ನೆನಪಿಟ್ಟುಕೊಂಡಿದ್ದರು. ಒಂದು ಸಲ ಓದಿ ಮೂರು ಸಲ ತಮ್ಮನ್ನೇ ಪರೀಕ್ಷಿಸಿಕೊಂಡವರು 71. ವಾರ ಕಳೆದಾಗ ಲೆಕ್ಕ ತಿರುಗಿತು: ಓದಿದವರಿಗೆ 40, ಪರೀಕ್ಷಿಸಿಕೊಂಡವರಿಗೆ 61. ಅಯ್ಯನವರಿಗೆ ಈ ಅಂಕಿಗಳನ್ನು ತೋರಿಸಿದ್ದರೆ ಅಚ್ಚರಿಪಡುತ್ತಿರಲಿಲ್ಲವೇನೋ.

ಮುಂದೆ ಧಾರವಾಡಕ್ಕೆ ಕರ್ನಾಟಕ ವಿಶ್ವವಿದ್ಯಾಲಯವೂ ಬಂತು. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ರ‍್ಯಾಂಗ್ಲರ್ ಆಗಿದ್ದ ಡಿ. ಸಿ. ಪಾವಟೆ 1954ರಿಂದ 1967ರವರೆಗೆ ಅದರ ಕುಲಪತಿಗಳಾಗಿದ್ದರು. ಪರೀಕ್ಷೆ ಗೆದ್ದವರನ್ನು ಊರು ಮರೆಯುವುದಿಲ್ಲ. ‘ರ‍್ಯಾಂಗ್ಲರ್ ಪಾವಟೆ’ ಎಂದೇ ಕರೆಯಿತು.

ಈ ಕಥೆಯ ಈಗಿನ ವಿಳಾಸ ಧಾರವಾಡದ ಸಪ್ತಾಪುರ ಬಡಾವಣೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದು ಬಾಡಿಗೆ ಕೋಣೆ ಹಿಡಿದವರು ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂಬ ಸರಕಾರಿ ಹುದ್ದೆಗಳ ಪರೀಕ್ಷೆಗೆ ಓದುತ್ತ ವರ್ಷಗಳನ್ನು ಎಣಿಸುತ್ತಾರೆ. ಇಲ್ಲಿ ‘ಲೈಬ್ರರಿ’ ಎಂದರೆ ಪುಸ್ತಕಗಳ ಮನೆಯಲ್ಲ. ತಿಂಗಳ ಬಾಡಿಗೆಗೆ ಸಿಗುವ ಮೇಜು, ಕುರ್ಚಿ, ನಿಶ್ಶಬ್ದ. ಕೋಚಿಂಗ್ ಕೇಂದ್ರಗಳ ಟೆಸ್ಟ್ ಸೀರೀಸ್, ಝೆರಾಕ್ಸ್ ಅಂಗಡಿಯ ಹಳೆಯ ಪ್ರಶ್ನೆಪತ್ರಿಕೆ, ಓಎಂಆರ್ ಹಾಳೆ, ಇವೇ ಇಲ್ಲಿಯ ಒಪ್ಪಿಸುವ ಸಾಧನಗಳು. ಆದರೆ ಪ್ರಶ್ನೆ ಬೇಕೆಂದರೆ ದುಡ್ಡು ಕೊಡಬೇಕು, ಇಲ್ಲವೇ ವಾರದ ಟೆಸ್ಟ್ ಬರುವವರೆಗೆ ಕಾಯಬೇಕು. ನಡುವಿನ ದಿನಗಳಲ್ಲಿ ಉಳಿಯುವುದು ಹಳದಿ ಗೆರೆ ಎಳೆದ ಪುಟಗಳನ್ನು ಮತ್ತೆ ಮತ್ತೆ ಓದುವುದು, ಅಂದರೆ ಐದು ನಿಮಿಷದ 83.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೇಳುವವನು ಜೇಬಿಗೇ ಬಂದಿದ್ದಾನೆ. ಸಮಾಜ ವಿಜ್ಞಾನ ಪಠ್ಯಪುಸ್ತಕದ ಒಂದು ಪುಟದ ಫೋಟೊ ತೆಗೆದು, ಇದರ ಮೇಲೆ ಹತ್ತು ಪ್ರಶ್ನೆ ಕೇಳು, ನಾನು ಬರೆಯುವವರೆಗೆ ಉತ್ತರ ಹೇಳಬೇಡ, ತಪ್ಪಿದ್ದನ್ನು ಕೊನೆಗೆ ಮತ್ತೆ ಕೇಳು ಎಂದರೆ ಕನ್ನಡದಲ್ಲೇ ಕೇಳುತ್ತದೆ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ನಾವು ಕೊಟ್ಟ ಟಿಪ್ಪಣಿಗಳಿಂದಲೇ ಕ್ವಿಜ್ ಕಟ್ಟುತ್ತದೆ. ತಡವಾಗಿ ಬಂದರೆ ಏಟಿಲ್ಲ. ಯಾಕೆ, ಹೇಗೆ ಎಂದು ಕೇಳು ಎಂದು ಹೇಳಿಬಿಟ್ಟರೆ ಕ್ಯಾಂಬೆಲ್‌ನ ಗಿಳಿಪಾಠದ ದೂರಿಗೂ ಅರ್ಧ ಉತ್ತರ ಸಿಕ್ಕಂತೆ. ಆದರೆ ಉತ್ತರವನ್ನೂ ಅದರಿಂದಲೇ ಬರೆಸಿಕೊಂಡು ತಲೆಯಾಡಿಸುವವರಿಗೆ ಮತ್ತೆ ಅದೇ ಹಳದಿ ಗೆರೆ.

ಇನ್ನೊಂದು ತೊಡಕು ಭಾಷೆಯದು. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಎಡವಿತ್ತೆಂದರೆ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಆಗಲೂ ತಪ್ಪುಗಳ ದೂರು ಎದ್ದಿತು. ಮನುಷ್ಯರ ಕೈಯಲ್ಲೇ ಹೀಗಾದರೆ ಯಂತ್ರದ ಪ್ರಶ್ನೆಯನ್ನು ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಓದಬೇಕು. ಇಸವಿಯನ್ನು ಅದು ಯಾವ ಅಳುಕೂ ಇಲ್ಲದೆ ತಪ್ಪು ಹೇಳಬಲ್ಲದು.

ಊರಿನದೇ ಪ್ರಶ್ನೆ ಬೇಕೆಂದರೆ ಒಂದಿದೆ: ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದು ಯಾವಾಗ? ಅದು ಸ್ಥಾಪನೆಯಾದದ್ದು 1949ರಲ್ಲಿ, ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ. ಎ ಆಯ್ಕೆ 1949, ಬಿ ಆಯ್ಕೆ 1950 ಎಂದಿಟ್ಟರೆ, ಸಪ್ತಾಪುರದ ಯಾವ ಮೇಜಿನ ಮುಂದೆ ಕುಳಿತವನಾದರೂ ಕೀ ಉತ್ತರಕ್ಕೆ ಆಕ್ಷೇಪಣೆ ಬರೆಯಲು ಪೆನ್ನು ತೆಗೆಯುತ್ತಾನೆ.